ನಾನು ಜನರನ್ನು ಅಳಿಸಲು ಹೋದದ್ದು

ಜನರನ್ನು ಅಳಿಸುವುದು ಬಹಳ ಸುಲಭ ಎಂದು ನಾನು ನಂಬಿದ್ದೆ. ನಗಿಸುವುದು ಕಷ್ಟ, ಅಳಿಸುವುದರಲ್ಲಿ ಏನಿದೆ? ಸೆರಗನ್ನು ಬಾಯಿಗೆ ಒತ್ತಿಕೊಂಡು, ಗಂಟಲನ್ನು ಸ್ವಲ್ಪ ನಡುಗಿಸಿ, 'ಮಗನೇ' ಎಂದರೆ ಮುಗಿಯಿತು. ಅಷ್ಟನ್ನೇ ಮಾಡಿ ದೊಡ್ಡ ದೊಡ್ಡ ಪ್ರಶಸ್ತಿ ಹೊಡೆದುಕೊಂಡವರನ್ನು ನಾನು ಬಹಳ ಹತ್ತಿರದಿಂದ ಕಂಡಿದ್ದೇನೆ. ಅವರು ಅಳುವಾಗ ಹಿಂದೆ ಕಾಫಿ ತಟ್ಟೆ ಹಿಡಿದುಕೊಂಡು ನಿಂತಿರುತ್ತಿದ್ದವಳು ನಾನೇ!

ನನ್ನ ಪೂರ್ಣ ನಾಮಧೇಯ ಪಾಂಡವಪುರ ಸುಗುಣಮ್ಮ. ಈ ಹೆಸರು ನನಗೆ, ನನ್ನ ಗಂಡನಿಗೆ ಮತ್ತು ರೇಷನ್ ಅಂಗಡಿಯವರಿಗೆ ಮಾತ್ರ ಗೊತ್ತು. ಉಳಿದ ಪ್ರಪಂಚಕ್ಕೆ ನಾನು ಮೂಗುಬೊಟ್ಟು. ಟೀವಿ ಧಾರಾವಾಹಿಯಲ್ಲಿ ನನ್ನದು ಪಕ್ಕದ ಮನೆಯ ಹೆಂಗಸಿನ ಪಾತ್ರ. ಆ ಬೀದಿಯಲ್ಲಿ ಬೆಂಕಿ ಬೀಳಲಿ, ಡೈವೋರ್ಸ್ ಆಗಲಿ, ಪೊಲೀಸು ಬರಲಿ, ನಾನು ಮೂಗಿಗೆ ಕೈ ಹಾಕಿ 'ಅಯ್ಯಯ್ಯೋ, ನನ್ ಮೂಗ್ಬೊಟ್ಟು!' ಎಂದು ಕಿರುಚಬೇಕು. ಕೂಡಲೇ ಹಿಂದಿನಿಂದ 'ಟೊಂಯ್' ಎಂದು ಶಬ್ದ ಬರುತ್ತದೆ. ಈ ಒಂದು ಮಾತಿಗಾಗಿ ಬೆಳಗ್ಗೆಯೇ ಮೇಕಪ್ ಹಾಕಿಸಿಕೊಂಡು ಸಂಜೆಯವರೆಗೆ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿರುತ್ತೇನೆ. ಸೆಟ್ಟಿನಲ್ಲಿ ನನ್ನನ್ನು ಕರೆಯುವುದು 'ಕಾಮಿಡಿ ಆಂಟಿ' ಎಂದು.

ಆ ಪಾತ್ರಕ್ಕೆ ನಾನು ಹಾಕಿಕೊಳ್ಳುವ ದೊಡ್ಡ ಮೂಗುಬೊಟ್ಟನ್ನು ಮಾಡಿಕೊಟ್ಟವರು ನನ್ನ ಯಜಮಾನರು, ಕೃಷ್ಣಾಚಾರಿ. ಶ್ರೀರಂಗಪಟ್ಟಣದ ಪೇಟೆ ಬೀದಿಯಲ್ಲಿ ಅವರದು ಚಿನ್ನ ಬೆಳ್ಳಿ ಕೆಲಸದ ಸಣ್ಣ ಅಂಗಡಿ. ಹಿತ್ತಾಳೆಯಲ್ಲಿ ಮಾಡಿ, ಮೇಲೆ ಬಣ್ಣ ಕೊಟ್ಟು, 'ನನ್ ಕೈಯಾರೆ ನಿನ್ ಮೂಗು ಕೊಯ್ದಂಗಾಯ್ತು ಕಣೆ' ಎಂದಿದ್ದರು. ಆಗ ನಾನು ನಕ್ಕಿದ್ದೆ.

ನನ್ನ ಕಲಾಜೀವನ ಶುರುವಾದದ್ದೇ ಬಿದ್ದು. ಪಾಂಡವಪುರಕ್ಕೆ ಬಂದಿದ್ದ ನಾಟಕ ಕಂಪನಿಯಲ್ಲಿ ನನಗೆ ನಾಯಕಿಯ ಗೆಳತಿಯ ಪಾತ್ರ ಕೊಟ್ಟಿದ್ದರು. ಹೂವಿನ ಬುಟ್ಟಿ ಹಿಡಿದು ಪ್ರವೇಶಿಸುವಾಗ ಪರದೆಯ ಹಗ್ಗ ಕಾಲಿಗೆ ಸಿಕ್ಕಿ, ನಾಯಕನ ಪಾದಾರವಿಂದಗಳಿಗೆ ಬುಟ್ಟಿಸಮೇತ ಸಮರ್ಪಿತಳಾದೆ. ಜನ ಹೊಟ್ಟೆ ಹಿಡಿದು ನಕ್ಕರು. ಮಾಲೀಕರು ನನ್ನ ಭವಿಷ್ಯವನ್ನು ಅಲ್ಲೇ ತೀರ್ಮಾನಿಸಿದರು. ಅಂದಿನಿಂದ ಜಗಳಗಂಟಿ ಅತ್ತೆ, ಕಿವುಡು ಅಜ್ಜಿ, ಗಂಡನಿಗೆ ಹೊಡೆಯುವ ಹೆಂಡತಿ, ದೆವ್ವ, ಹೀಗೆ ಎಲ್ಲವನ್ನೂ ಮಾಡಿದೆ. ಮದುವೆಯಾಗುವ ಮೊದಲೇ ಅದೆಷ್ಟೋ ಸೊಸೆಯಂದಿರನ್ನು ಗೋಳು ಹೊಯ್ದುಕೊಂಡವಳು ನಾನು.

ಇದರಿಂದ ಹೊಟ್ಟೆಗೇನೂ ಕಡಿಮೆಯಾಗಲಿಲ್ಲ. ಆದರೆ ನನ್ನ ತಮ್ಮ ತೀರಿಕೊಂಡಾಗ ಅವನ ಮುಖದ ಹತ್ತಿರ ಕುಳಿತು ಅಳುತ್ತಿದ್ದೆ. ಸಾವಿಗೆ ಬಂದ ಹೆಂಗಸೊಬ್ಬಳು ಪಕ್ಕದಲ್ಲಿ ಕುಳಿತು, ಮೊಬೈಲು ಎತ್ತಿ, 'ಅಕ್ಕಾ, ಇತ್ಲಾಗ್ ನೋಡಿ ವಸಿ' ಎಂದಳು. ನಾನು ನೋಡಿದೆ. ಅಭ್ಯಾಸಬಲ, ನಕ್ಕೂಬಿಟ್ಟೆ! ಆವತ್ತಿನಿಂದ ನನಗೆ ಒಂದೇ ಹಟ. ಒಂದು ಸಲ, ಸಾಯುವುದರೊಳಗೆ ಒಂದೇ ಒಂದು ಸಲ, ನನ್ನನ್ನು ನೋಡಿ ಜನ ಅಳಬೇಕು.

ಚನ್ನಪ್ಪ ಮೇಷ್ಟ್ರು ಅಂಗಡಿಗೆ ಬಂದದ್ದು ನನಗೆ ದೇವರೇ ಕಳಿಸಿದಂತೆ ಕಂಡಿತು. ಸಂತೆಬಾಚಹಳ್ಳಿ ಕಡೆಯ ಒಂದು ಊರಿನಲ್ಲಿ ಅವರು ನಾಟಕ ಕಲಿಸುತ್ತಿದ್ದರು. ನಮ್ಮ ಸೀಮೆಯ ಪದ್ಧತಿ ನಿಮಗೆ ಗೊತ್ತಲ್ಲ, ಗಂಡು ಪಾತ್ರಗಳನ್ನೆಲ್ಲ ಊರಿನವರೇ ಹಂಚಿಕೊಂಡು ಕಲಿಯುತ್ತಾರೆ, ಹೆಣ್ಣು ಪಾತ್ರಕ್ಕೆ ನಮ್ಮಂಥವರನ್ನು ಹೊರಗಿನಿಂದ ಕರೆಸುತ್ತಾರೆ. ನಾಟಕ ಬರೆದವರೂ ಮೇಷ್ಟ್ರೇ. ಪಾತ್ರ ವಹಿಸಿದವರೆಲ್ಲ ತಮಗೊಂದು ಹಾಡು ಬೇಕೇ ಬೇಕು ಎಂದು ಕೂತದ್ದರಿಂದ, ಅದರಲ್ಲಿ ಡಾಕ್ಟರು ಕೂಡ ಹಾಡಿದ ಮೇಲೆಯೇ ಇಂಜೆಕ್ಷನ್ ಕೊಡುತ್ತಿದ್ದ. ರೋಗಿ ಅಷ್ಟರಲ್ಲಿ ತಾನೂ ಹಾಡುತ್ತಿದ್ದ.

"ತಾಯಿ ಪಾರ್ಟ್ನೋರು ಕೈ ಕೊಟ್ಬುಟ್ರು ಕಣಮ್ಮ. ನೀವೇ ಕಾಪಾಡ್ಬೇಕು" ಎಂದರು ಮೇಷ್ಟ್ರು.

"ಕಾಮಿಡಿ ತಾಯೀನಾ?"

"ಕಾಮಿಡಿ ಮಾತೇ ಇಲ್ಲ! ಕೂಸ್ನ ದೇವಸ್ಥಾನದ ಜಗ್ಲಿ ಮ್ಯಾಲೆ ಬುಟ್ಟೋಗಿರ್ತಾಳೆ. ಕೊನೇ ಸೀನಲ್ಲಿ ಬಂದು ಬೆಳ್ದ ಮಗನ್ ಮುಂದೆ ನಿಂತ್ಕತಾಳೆ. ಮಗ 'ಯಾರಮ್ಮ ನೀನು' ಅಂತಾನೆ. ಇಡೀ ಊರು ಗೊಳೋ ಅಂತ ಅತ್ಬುಡ್ಬೇಕು, ಅಂಗೆ ಬರ್ದಿವ್ನಿ!"

ನನಗೆ ಅಲ್ಲೇ ಕಣ್ಣು ತುಂಬಿ ಬಂತು. ಯಜಮಾನರು ಊದುಕೊಳವೆಯನ್ನು ಬಾಯಿಂದ ತೆಗೆದು, "ಬ್ಯಾಡ ಕಣೆ. ನೀನು ಅತ್ರೆ ಜನ ನಗ್ತಾರೆ" ಎಂದರು.

"ನೀವ್ ನಗ್ದಿದ್ರೆ ಸಾಕು, ಸುಮ್ಕಿರಿ."

"ನಾನು ನಗಲ್ಲ ಅಂತ ಯಾರೇಳುದ್ರು?"

ಗಂಡನ ಮಾತನ್ನು ಕೇಳಿ ಉದ್ಧಾರವಾದ ಕಲಾವಿದೆಯರಿಲ್ಲ ಎಂದುಕೊಂಡು ಒಪ್ಪಿಕೊಂಡೆ. ಒಪ್ಪುವಾಗ ಒಂದು ಗಂಭೀರ ಷರತ್ತು ವಿಧಿಸಿದೆ. ಬ್ಯಾನರಿನಲ್ಲಾಗಲಿ, ಮೈಕಿನಲ್ಲಾಗಲಿ, ಯಾರ ಬಾಯಲ್ಲಾಗಲಿ ಮೂಗುಬೊಟ್ಟು ಎಂಬ ಪದ ಬರತಕ್ಕದ್ದಲ್ಲ. ಮೇಷ್ಟ್ರು ಹಾರ್ಮೋನಿಯಂ ಮೇಲೆ ಆಣೆ ಮಾಡಿದರು. ಧಾರಾವಾಹಿಯವರಿಗೆ ಫೋನು ಮಾಡಿ ಜ್ವರ ಎಂದೆ. ಅವರು ಬೇಸರವನ್ನೇ ಮಾಡಿಕೊಳ್ಳದೆ 'ಆರಾಮಾಗಿ ಬನ್ನಿ ಆಂಟಿ' ಎಂದರು. ಎಷ್ಟು ಒಳ್ಳೆಯ ಜನ ಎಂದುಕೊಂಡೆ.

ಅಭ್ಯಾಸ ಅಡುಗೆಮನೆಯಲ್ಲಿ ಶುರುವಾಯಿತು. ಬೇಳೆ ಬೇಯಲು ಇಟ್ಟು, "ಮಗನೇ, ಈ ಪಾಪಿಯನ್ನು ಕ್ಷಮಿಸು" ಎಂದು ಎದೆ ಬಡಿದುಕೊಂಡು ಅತ್ತೆ. ಪಕ್ಕದ ಮನೆಯ ಪುಟ್ಟತಾಯಮ್ಮ ತಲೆ ಕೆದರಿಕೊಂಡು, ಅಳುತ್ತಲೇ ಒಳಗೆ ನುಗ್ಗಿದರು. "ಅಯ್ಯೋ ತಾಯಿ, ಆಚಾರ್ರು ಓಗ್ಬುಟ್ರಾ? ಬೆಳಗ್ಗೆ ಚೆನ್ನಾಗೇ ಇದ್ರಲ್ಲವ್ವ!" ಎಂದರು.

ಆಚಾರ್ರು ಅಂಗಡಿಯಲ್ಲಿ ಯಾರದೋ ಕಾಲುಂಗುರ ತಿದ್ದುತ್ತಿದ್ದಾರೆ, ಇದು ನಾಟಕ ಎಂದು ತಿಳಿಸಿದೆ. ಪುಟ್ಟತಾಯಮ್ಮ ನನ್ನ ಮುಖ ನೋಡಿದರು, ಮೂಗು ನೋಡಿದರು, ಬಾಗಿಲಿಗೆ ಒರಗಿಕೊಂಡು ನಗಲು ಶುರು ಮಾಡಿದರು.

"ಆಗ್ಲೇ ಅಳ್ತಾ ಬಂದ್ರಲ್ಲಕ್ಕ?"

"ಗೋಡೆ ಆಚೆಯಿಂದ ಕೇಳ್ದಾಗ ಅಳು ಬಂತು ಕಣವ್ವ. ಮುಖ ಕಂಡ್ಮೇಲೆ ನಗು ಬಂದ್ಬುಡ್ತು!"

ಇಡೀ ನಾಟಕವನ್ನು ಗೋಡೆಯ ಆಚೆ ನಿಂತು ಆಡುವುದು ಸಾಧ್ಯವಿರಲಿಲ್ಲ. ಆದರೂ ಒಬ್ಬರನ್ನು ಅಳಿಸಿದ್ದೇನೆ ಎಂಬ ಧೈರ್ಯದ ಮೇಲೆ ಕೆ.ಆರ್. ಪೇಟೆಯ ಬಸ್ಸು ಹತ್ತಿ ಊರಿನ ತಾಲೀಮಿಗೆ ಹೋದೆ. ಮಗನ ಪಾತ್ರದವನು ಮಂಜೇಗೌಡ. ಕೋಳಿ ಅಂಗಡಿ ಇಟ್ಟಿದ್ದರಿಂದ ಅವನು ಕೋಳಿ ಮಂಜ. ಮಾತು ಮೆತ್ತಗೆ, ಮೈ ಸಣಕಲು. ಗಂಟಲು ಕೆಡುತ್ತದೆ ಎಂದು ಮೊಸರು ಬಿಟ್ಟಿದ್ದ. ಕೋಳಿ ಕತ್ತರಿಸುವಾಗಲೂ ಸಂಭಾಷಣೆ ಹೇಳಿಕೊಳ್ಳುತ್ತಿದ್ದ. 'ಯಾರಮ್ಮ ನೀನು' ಎಂದು ಅವನು ಅಷ್ಟು ಆರ್ತನಾಗಿ ಕೇಳುತ್ತಿದ್ದರೆ, ಮಾಂಸಕ್ಕೆ ಬಂದ ಹೆಂಗಸರು ತಬ್ಬಿಬ್ಬಾಗಿ ತಮ್ಮ ತಮ್ಮ ಹೆಸರು ಹೇಳುತ್ತಿದ್ದರಂತೆ.

"ಅಕ್ಕಾ, ನನ್ ಮದ್ವೆ ಬ್ಯಾನರ್ನಲ್ಲೂ ಕೋಳಿ ಮಂಜ ಅಂತ್ಲೇ ಆಕ್ಸಿದ್ರು" ಎಂದ ತಾಲೀಮಿನ ಬಿಡುವಿನಲ್ಲಿ. "ನನ್ ಎಡ್ತಿ ಮನೆಯೋರ್ ಮುಂದೆ ತಲೆ ಎತ್ತಕಾಗ್ನಿಲ್ಲ. ಒಂದಿನ, ಒಂದೇ ಒಂದಿನ ಈ ಜನ ನನ್ ಮುಂದೆ ಬಾಯ್ಮುಚ್ಕಂಡು ಕುಂತ್ಕಬೇಕು. ಕೊನೇ ಸೀನು ಜನದ್ ಮನಸ್ನಲ್ಲಿ ನಿಂತ್ಬುಡ್ಲಿ, ಅಷ್ಟ್ ಸಾಕು ನಂಗೆ."

ನನ್ನ ಹೊಟ್ಟೆಯೊಳಗಿನ ಮಾತನ್ನೇ ಅವನು ಆಡಿದ್ದ. "ನಿಲ್ಲುಸ್ತೀನಿ ಕಣಪ್ಪ, ನಾನಿಲ್ವಾ!" ಎಂದು ಅವನ ಬೆನ್ನು ತಟ್ಟಿದೆ. ನನ್ನ ಮೇಲೆ ಅವನಿಗೆ ಬಹಳ ನಂಬಿಕೆ ಬಂತು.

ಈಗಿನ ಕಾಲದಲ್ಲಿ ನಿದ್ದೆಗೆಟ್ಟು ನಾಟಕ ನೋಡುವವರು ಯಾರು? ಹಗಲೇ ಆಟ. ಸಂತೆ ಮಾಳದಲ್ಲಿ ಸುತ್ತಲೂ ಬಟ್ಟೆ ಕಟ್ಟಿದ ದೊಡ್ಡ ಶಾಮಿಯಾನ, ಒಳಗೆ ರಂಗಸ್ಥಳ. ಹೆಬ್ಬಾಗಿಲಿನಲ್ಲಿ ಬ್ಯಾನರು. ಅದರಲ್ಲಿ ಗಾಡಿಚಕ್ರದಷ್ಟು ದೊಡ್ಡ ಮೂಗುಬೊಟ್ಟು, ಅದರ ಹಿಂದೆ ನಾನು! ನಾಟಕದ ಹೆಸರು ನನ್ನ ಗಲ್ಲದ ಕೆಳಗೆ ಎಲ್ಲೋ ಸಿಕ್ಕಿಹಾಕಿಕೊಂಡಿತ್ತು. ಮಂಜೇಗೌಡನ ಫೋಟೋ ಹುಡುಕಿದರೆ ನನ್ನ ಮೊಣಕೈಯ ಹತ್ತಿರ ಸಿಕ್ಕಿತು.

"ಮೇಷ್ಟ್ರೇ, ಆಣೆ ಮಾಡಿದ್ರಿ!"

"ನಾನೇನ್ ಮಾಡ್ಲಿ ಕಣಮ್ಮ, ಕಮಿಟಿಯೋರು ಆಕ್ಬುಟ್ಟವ್ರೆ. ಜನ ನೋಡಿ ಎಂಗ್ ಬಂದವ್ರೆ!"

ಜನ ಬಂದಿದ್ದರು, ಅದು ನಿಜ. ನನ್ನ ಯಜಮಾನರೂ ಅಂಗಡಿಗೆ ಬಾಗಿಲು ಹಾಕಿ ಬಂದು ಮಧ್ಯದಲ್ಲೆಲ್ಲೋ ಕುಳಿತಿದ್ದರು.

ಮೊದಲ ಪ್ರವೇಶ. ಕೂಸನ್ನು ಜಗಲಿಯ ಮೇಲೆ ಬಿಟ್ಟು ಹೋಗುವ ದೃಶ್ಯ. ಕೂಸೆಂದರೆ ಕಮಿಟಿಯವರು ಸಂತೆಯಲ್ಲಿ ಕೊಂಡು ತಂದ ಬೊಂಬೆ. ಅದಕ್ಕೆ ಸೆಲ್ ಹಾಕಿದ್ದರೆಂದು ನನಗೆ ಯಾರೂ ಹೇಳಿರಲಿಲ್ಲ. "ಕಂದಾ, ನಿನ್ನ ಹಣೆಬರಹ ಇಷ್ಟೇ" ಎಂದು ಗದ್ಗದಿತಳಾಗಿ ಮಲಗಿಸಿದೆ. ಬೆನ್ನು ನೆಲಕ್ಕೆ ತಾಗಿದ್ದೇ ತಡ ಅದು 'ಹಿಹಿಹಿಹಿ' ಎಂದು ನಗತೊಡಗಿತು! ಜೊತೆಗೆ ವಾದ್ಯದವರ ಕಡೆಯಿಂದ 'ಟೊಂಯ್!' ಶಾಮಿಯಾನವೇ ಹಾರಿಹೋಗುವಂತೆ ಜನ ನಕ್ಕರು. ಮನುಷ್ಯರು ನಗುತ್ತಿದ್ದದ್ದು ಸಾಲದೆಂದು ಬೊಂಬೆಯೂ ನನ್ನನ್ನು ಕಂಡು ನಗುವ ಕಾಲ ಬಂತಲ್ಲ ಎಂದು ಒಳಗೆ ಹೋಗಿ ಆ ಶಬ್ದ ಬರಿಸಿದ ರಿದಂ ಪ್ಯಾಡಿನವನನ್ನು ಹಿಡಿದುಕೊಂಡೆ.

"ಯಾಕಪ್ಪಾ ಟೊಂಯ್ ಅನ್ಸುದ್ದೆ?"

"ಟೀವೀಲಿ ಅಂಗೇ ಬತ್ತದಲ್ಲಕ್ಕಾ. ನಿಮ್ಗೆ ಅನ್ಕೂಲ ಆಯ್ತದೆ ಅಂತ..."

ಇನ್ನೊಂದು ಸಲ ಟೊಂಯ್ ಎಂದರೆ ಪ್ಯಾಡನ್ನು ಕೆರೆಗೆ ಹಾಕುತ್ತೇನೆ ಎಂದೆ. ಅವನು ಪಾಪ, ಕೈಗಳೆರಡನ್ನೂ ತೊಡೆಯ ಕೆಳಗಿಟ್ಟುಕೊಂಡು ಕುಳಿತ.

ಕೊನೆಯ ದೃಶ್ಯಕ್ಕೆ ಸ್ವಲ್ಪ ಮೊದಲು ನಾಟಕ ನಿಲ್ಲಿಸಿ ನನಗೆ ಸನ್ಮಾನ. ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಮಗನನ್ನು ಬಿಟ್ಟು ಬೀದಿಪಾಲಾದ ಹರಕು ಸೀರೆಯ ತಾಯಿ, ತಲೆಗೆ ಪೇಟ ಸುತ್ತಿಕೊಂಡು ನಿಂತೆ. ಕಮಿಟಿಯ ಅಧ್ಯಕ್ಷರು ಮೈಕು ಕೊಟ್ಟು, "ಒಂದ್ಸಲ ಆ ಡೈಲಾಗು ಒಡ್ದುಬುಡಿ ಅಮ್ಮ, ಜನ ಕಾಯ್ತಾವ್ರೆ" ಎಂದರು.

"ಕ್ಷಮಿಸಬೇಕು. ಕಲಾವಿದೆಗೆ ಇನ್ನೊಂದು ಮುಖವೂ ಇರುತ್ತದೆ. ಇಂದು ನಾನು ಆ ಮುಖವನ್ನು ತೋರಿಸಲು ಬಂದಿದ್ದೇನೆ" ಎಂದೆ, ಶುದ್ಧ ಕನ್ನಡದಲ್ಲಿ.

"ಆ ಮುಖದಲ್ಲೂ ಮೂಗೈತಲ್ಲಕ್ಕಾ!" ಎಂದು ಹಿಂದಿನಿಂದ ಯಾರೋ ಕೂಗಿದರು. ಮತ್ತೆ ನಗೆ. ಸಿಳ್ಳೆ. ಮೂಗುಬೊಟ್ಟು ಮೂಗುಬೊಟ್ಟು ಎಂದು ಚಪ್ಪಾಳೆ. ನಾನು ಬಾಯಿ ಬಿಗಿ ಹಿಡಿದುಕೊಂಡು ಒಳಗೆ ಬಂದೆ. ಪರದೆಯ ಪಕ್ಕದಲ್ಲಿ ನಿಂತಿದ್ದ ಮಂಜೇಗೌಡ ಕೈ ಮುಗಿದ. "ನೀವ್ ಅನ್ನದೇ ಇದ್ದಿದ್ದು ಬಾಳ ಒಳ್ಳೇದಾಯ್ತಕ್ಕ. ಈಗ ನಮ್ ಸೀನು" ಎಂದ.

ಪರದೆ ಎದ್ದಿತು. ಫೋಕಸ್ ಲೈಟು ನೇರ ಕಣ್ಣಿಗೆ ಹೊಡೆಯುತ್ತಿತ್ತು. ಎದುರಿಗೆ ಕುಳಿತವರ ಮುಖ ಒಂದೂ ಕಾಣಿಸುತ್ತಿರಲಿಲ್ಲ. ಮಂಜೇಗೌಡ ಬಂದು ನಿಂತ. ಅವನು ಕೋಳಿ ಅಂಗಡಿಯ ಮಂಜ ಎಂದು ಆಗ ಯಾರೂ ಹೇಳುವಂತಿರಲಿಲ್ಲ. "ಯಾರಮ್ಮ ನೀನು? ನನ್ನನ್ನು ಯಾಕೆ ಹೀಗೆ ನೋಡುತ್ತಿದ್ದೀಯ?" ಎಂದು ಕೇಳಿದ. ನನಗೆ ತಮ್ಮನ ಮುಖ ನೆನಪಾಯಿತು. ಆವತ್ತು ಅಳಲಾಗದೆ ಉಳಿದದ್ದೆಲ್ಲ ಈಗ ಗಂಟಲಿಗೆ ಬಂತು. ಕಲಿತ ಮಾತುಗಳೆಲ್ಲ ಮರೆತುಹೋದವು. "ನಾನು ಕಣಪ್ಪ. ನಿನ್ನ ಬುಟ್ಟೋದವ್ಳು" ಎಂದಷ್ಟೇ ಅಂದೆ. ಕಣ್ಣಿನಲ್ಲಿ ನಿಜವಾದ ನೀರು. ಅವನ ಕಣ್ಣಿನಲ್ಲೂ ನೀರು. ಅವನು ನನ್ನ ಕಡೆಗೆ ಕೈ ಚಾಚಿದ.

ಆಗ ಶಾಮಿಯಾನ ಪೂರ್ತಿ ನಿಶ್ಶಬ್ದವಾಯಿತು.

ಸ್ವಾಮಿ, ಇಷ್ಟು ವರ್ಷ ರಂಗಸ್ಥಳದ ಮೇಲೆ ನಿಂತವಳು ನಾನು. ಅಂಥ ನಿಶ್ಶಬ್ದವನ್ನು ನಾನು ಯಾವತ್ತೂ ಕೇಳಿರಲಿಲ್ಲ. ನಮ್ಮ ಕಸುಬಿನಲ್ಲಿ ಜನ ಸುಮ್ಮನಾದರು ಎಂದರೆ ಒಂದೇ ಅರ್ಥ, ಬಿದ್ದುಹೋಯಿತು! ಮಾತು ಮುಗಿದು ನಗೆ ಬರದಿದ್ದರೆ ಕೂಡಲೇ ಇನ್ನೊಂದು ಮಾತು ಎಸೆಯಬೇಕು, ಬೀಳಬೇಕು, ಮೂತಿ ತಿರುಗಿಸಬೇಕು, ಏನಾದರೂ ಮಾಡಬೇಕು. ಕಂಪನಿಯಲ್ಲಿ ನನಗೆ ಕಲಿಸಿದ ಮೊದಲ ಪಾಠವೇ ಅದು. ಒಂದು ಕೆಮ್ಮೂ ಇಲ್ಲ, ಒಂದು ಮಗುವಿನ ಅಳುವೂ ಇಲ್ಲ. ಹೋಯಿತು, ಜನ ಬೇಸತ್ತರು, ಈ ಹುಡುಗನ ಸೀನು ನನ್ನಿಂದ ನಿಲ್ಲಲಿಲ್ಲ, ಇವನಿಗೆ ಮಾತು ಕೊಟ್ಟಿದ್ದೇನೆ, ಹೇಗಾದರೂ ಎತ್ತಬೇಕು ಎಂದು ಜೀವ ಒದ್ದಾಡಿತು. ಬುದ್ಧಿ ಬೇಡ ಎನ್ನುವಷ್ಟರಲ್ಲಿ ಕೈ ಮೂಗಿಗೆ ಹೋಗಿಬಿಟ್ಟಿತ್ತು.

"ಅಯ್ಯಯ್ಯೋ, ನನ್ ಮೂಗ್ಬೊಟ್ಟು!"

ಪ್ಯಾಡಿನವನು ತೊಡೆಯ ಕೆಳಗಿಂದ ಕೈ ಎಳೆದುಕೊಂಡು 'ಟೊಂಯ್' ಎನ್ನಿಸಿದ. ಅವನೂ ಪಾಪ ಎಷ್ಟು ಹೊತ್ತು ತಡೆದುಕೊಂಡಾನು!

ಅಂಥ ನಗೆ ನನಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ. ಜನ ಕುರ್ಚಿಯ ಮೇಲೆ ಹತ್ತಿ ನಿಂತರು, ಟವಲು ಎಸೆದರು, ಒನ್ಸ್ ಮೋರ್ ಎಂದರು. ಹೇಳಲು ನಾಚಿಕೆಯಾಗುತ್ತದೆ, ಒಂದು ಗಳಿಗೆ ನನಗೆ ಖುಷಿಯೂ ಆಯಿತು. ಆಮೇಲೆ ಮಂಜೇಗೌಡನನ್ನು ನೋಡಿದೆ. ಚಾಚಿದ ಕೈ ಹಾಗೆಯೇ ಇತ್ತು. ಅವನದು ಇನ್ನೊಂದು ಮಾತು ಬಾಕಿ ಇತ್ತು. "ಈ ಒಂದು ಮಾತಿಗಾಗಿ ಹುಟ್ಟಿದಾಗಿನಿಂದ ಕಾದಿದ್ದೆನಮ್ಮಾ" ಎಂದ. ಅದಕ್ಕೆ ಇನ್ನೂ ಜೋರಾಗಿ ನಕ್ಕರು.

ಒಳಗೆ ಚನ್ನಪ್ಪ ಮೇಷ್ಟ್ರು ಕುಣಿಯುತ್ತಿದ್ದರು. "ಎತ್ಬುಟ್ರಿ ಕಣಮ್ಮ, ನಾಟ್ಕ ಎತ್ಬುಟ್ರಿ!" ಎಂದರು. ಮಂಜೇಗೌಡ ಒಂದು ಮೂಲೆಯಲ್ಲಿ ಕೊಬ್ಬರಿ ಎಣ್ಣೆ ಹಚ್ಚಿ ಮುಖದ ಬಣ್ಣ ಒರೆಸಿಕೊಳ್ಳುತ್ತಿದ್ದ. ಹತ್ತಿರ ಹೋಗಿ, "ತಪ್ಪಾಯ್ತು ಕಣಪ್ಪ" ಎಂದೆ.

"ಬುಡಿ ಅಕ್ಕ. ನೀವ್ ದೊಡ್ಡೋರು" ಎಂದ, ನನ್ನ ಮುಖ ನೋಡದೆ. ಬೈದಿದ್ದರೆ ಚೆನ್ನಾಗಿತ್ತು. ಅವನ ಹೆಂಡತಿ ಟಿಫನ್ ಕ್ಯಾರಿಯರ್ ಹಿಡಿದುಕೊಂಡು ಬಂದವಳು ನನ್ನನ್ನು ಕಂಡು ಅಲ್ಲೇ ನಿಂತಳು, ಒಳಗೆ ಬರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಹಣ್ಣಿನ ಬುಟ್ಟಿ ನಮ್ಮಿಬ್ಬರ ಮಧ್ಯೆ ಕುಳಿತಿತ್ತು. ಪಾಂಡವಪುರ ದಾಟಿದ ಮೇಲೆ ಯಜಮಾನರು ಕೇಳಿದರು.

"ಯಾಕ್ ಅಂಗ್ ಮಾಡ್ದೆ?"

"ಜನ ಸುಮ್ನಾಗ್ಬುಟ್ರಲ್ರೀ. ಬಿದ್ದೋಯ್ತು ಅನ್ಕಂಡೆ."

"ಬಿದ್ದೋಗಿರ್ನಿಲ್ಲ ಕಣೆ. ಅಳ್ತಾ ಇದ್ರು." ಅವರು ಕಿಟಕಿಯ ಕಡೆಗೆ ತಿರುಗಿಕೊಂಡರು. "ನನ್ ಪಕ್ಕದಲ್ಲಿದ್ದ ಮುದುಕಪ್ಪ ಟವಲ್ನಲ್ಲಿ ಮುಖ ಮುಚ್ಕಂಡಿದ್ದ. ನಾನೂ ಅತ್ತೆ. ನಿನ್ ತಮ್ಮ ಓದಾಗ್ಲೂ ನಾನು ಅಷ್ಟ್ ಅತ್ತಿರ್ನಿಲ್ಲ."

ನಾನು ಶ್ರೀರಂಗಪಟ್ಟಣ ಬರುವವರೆಗೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತೆ. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿ, ಗುರುತು ಹಿಡಿದು, ಗಂಡನನ್ನು ತಿವಿದಳು. ಇಬ್ಬರೂ ಕಿಸಿಕಿಸಿ ನಕ್ಕರು.

ಧಾರಾವಾಹಿಯವರು ಎಷ್ಟು ಒಳ್ಳೆಯ ಜನ ಎಂಬುದು ಆಮೇಲೆ ತಿಳಿಯಿತು. ನನ್ನ ಪಾತ್ರವನ್ನು ಮಗಳ ಬಾಣಂತನಕ್ಕೆ ಕಳಿಸಿದ್ದರು. ಬಾಣಂತನ ಇನ್ನೂ ಮುಗಿದಿಲ್ಲ, ಮುಗಿಯುವುದೂ ಇಲ್ಲ. ಅವಳೆಲ್ಲಿ ಎಂದು ನೋಡುವವರು ಯಾರೂ ಕೇಳಲೂ ಇಲ್ಲವಂತೆ! ಆದರೆ ಆ ಕೊನೆಯ ದೃಶ್ಯವನ್ನು ಯಾರೋ ಮೊಬೈಲಿನಲ್ಲಿ ಹಿಡಿದು ಎಲ್ಲರಿಗೂ ಹಂಚಿದರು. ಚನ್ನಪ್ಪ ಮೇಷ್ಟ್ರು ಫೋನು ಮಾಡಿ, ನಗುತ್ತಾ, ಊರಿನಲ್ಲಿ ಈಗ ಕೋಳಿ ಮಂಜ ಎಂದು ಯಾರೂ ಕರೆಯುವುದಿಲ್ಲ ಎಂದರು. ನನ್ನ ಜೀವಕ್ಕೆ ಸ್ವಲ್ಪ ಸಮಾಧಾನವಾಗುವಷ್ಟರಲ್ಲಿ, ಮೂಗ್ಬೊಟ್ಟು ಮಂಜ ಎನ್ನುತ್ತಾರೆ ಎಂದರು.

ಮೊನ್ನೆ ನಾಗಮಂಗಲದ ಕಡೆಯಿಂದ ಒಬ್ಬರು ಫೋನು ಮಾಡಿದ್ದರು.

"ಅಮ್ಮಾ, ಅದೇ ನಾಟ್ಕ ನಮ್ಮೂರಲ್ಲೂ ಮಡಿಕಂಡಿವಿ. ತಾಯಿ ಪಾರ್ಟು ನೀವೇ ಮಾಡ್ಬೇಕು. ಮಗ 'ಯಾರಮ್ಮ ನೀನು' ಅಂತಾನಲ್ಲ, ಅವಾಗ್ಲೇ ಕರೆಕ್ಟಾಗಿ ಮೂಗ್ಬೊಟ್ಟು ಅನ್ನಬೇಕು. ಅದ್ಕೇ ಜನ ಬರಾದು."

ಯಜಮಾನರು ಊದುಕೊಳವೆ ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದರು. ನಾನು ಕೇಳಿದ್ದು ಒಂದೇ ಮಾತು.

"ಮಗನ್ ಪಾರ್ಟು ಯಾರ್ದು?"

"ಅವ್ನೂ ಕಾಮಿಡಿಯೋನೇ ಬುಡಿ ಅಮ್ಮ. ಏನೂ ಅನ್ಕಳಕಿಲ್ಲ."

ಹಾಗಾದರೆ ಪರವಾಗಿಲ್ಲ, ಬರುತ್ತೇನೆ ಎಂದೆ.